ಬಿಡುವಿನ ವೇಳೆ: ಬಾಗಿಲ ಹಸಿರಿನ ಬೇಸ್ ಗಿಟಾರು



ಭಾನುವಾರದ ಬಲಿಪೂಜೆಯಲ್ಲಿ ಗಾನವೃಂದದ ಕಡೆ ಒಮ್ಮೆ ಕಣ್ಣು ಹಾಯಿಸಿ. ಕೀಬೋರ್ಡ್ ನುಡಿಸುವವರು ಎಲ್ಲರಿಗೂ ಗೊತ್ತು. ತಬಲಾದ ಹುಡುಗ ಯಾರ ಮಗನೆಂಬುದೂ ಗೊತ್ತು. ಮೂಲೆಯಲ್ಲಿ ಕಂಬಕ್ಕೆ ಒರಗಿದಂತೆ ನಿಂತು, ನಾಲ್ಕೇ ತಂತಿಯ ಉದ್ದನೆಯ ಗಿಟಾರನ್ನು ಹಿಡಿದವನನ್ನು ಮಾತ್ರ ಯಾರೂ ಗಮನಿಸುವುದಿಲ್ಲ. ಅವನು ನುಡಿಸುವುದು ಕಿವಿಗಿಂತ ಎದೆಗೆ ಹೆಚ್ಚು ಕೇಳಿಸುತ್ತದೆ. ಅವನು ಬಾರದ ವಾರ ಹಾಡು ಯಾಕೋ ತೆಳ್ಳಗಾಯಿತಲ್ಲ ಎನಿಸುತ್ತದೆ, ಕಾರಣ ಹೊಳೆಯುವುದಿಲ್ಲ.

ಆ ವಾದ್ಯವೇ ಬೇಸ್ ಗಿಟಾರು. ಸಾಮಾನ್ಯ ಗಿಟಾರಿನ ನಾಲ್ಕು ದಪ್ಪ ತಂತಿಗಳನ್ನು ಒಂದು ಸ್ಥಾಯಿ ಕೆಳಗಿಳಿಸಿದರೆ ಅದರ ಸ್ವರ ಸಿಗುತ್ತದೆ. ಎಲ್ಲಕ್ಕಿಂತ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಮಾತ್ರ ಕಂಪಿಸುತ್ತದೆ. ಇಂದು ನಾವು ನೋಡುವ ರೂಪದ ಎಲೆಕ್ಟ್ರಿಕ್ ಬೇಸನ್ನು 1951ರಲ್ಲಿ ಮಾರುಕಟ್ಟೆಗೆ ತಂದವರು ಅಮೆರಿಕದ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್. ಅವರು ಮೊದಲು ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವರು. ಸ್ವತಃ ಅವರಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲವಂತೆ! ಅಲ್ಲಿಯವರೆಗೆ ಬೇಸ್ ನುಡಿಸುವವರು ಆಳೆತ್ತರದ ಡಬಲ್ ಬೇಸನ್ನು ಹೊತ್ತು ತಿರುಗಬೇಕಾಗಿತ್ತು.

ಈ ವಾದ್ಯವನ್ನು ಬಿಚ್ಚಿ, ಕೆರೆದು, ಹೊಸ ಬಣ್ಣ ಹಾಕಿ ಮತ್ತೆ ಜೋಡಿಸುವುದು ಜಗತ್ತಿನ ಎಷ್ಟೋ ಕಡೆ ಒಂದು ಹವ್ಯಾಸ. ನಮ್ಮ ನಾರಾಯಣಪೇಟೆ, ಮಕ್ತಲ್, ಗದ್ವಾಲಗಳಲ್ಲಿ ಅಂಥ ಹವ್ಯಾಸಿಗಳು ಎಲ್ಲಿಂದ ಬರಬೇಕು? ನಮಗೂ ಇದು ಹವ್ಯಾಸವಾಗಿ ಬರಲಿಲ್ಲ. ಮನೆಯ ಒಂದು ಕೆಲಸವಾಗಿ ಬಂದು ಆಮೇಲೆ ಹವ್ಯಾಸವಾಯಿತು. ಕೆಲವರು ಕೇಳಿದ್ದರಿಂದ ಈ ಸಲ ಅದನ್ನೇ ಬರೆಯುತ್ತಿದ್ದೇವೆ.

ಗದ್ವಾಲದಲ್ಲಿದ್ದ ನಮ್ಮ ಅಣ್ಣ 1998ರಲ್ಲಿ ಹೈದರಾಬಾದಿನ ಒಂದು ವಾದ್ಯವೃಂದದವರಿಂದ ಹಳೆಯ ಬೇಸ್ ಗಿಟಾರನ್ನು ಕೊಂಡು ತಂದ. ಗದ್ವಾಲ 1956ರವರೆಗೆ ರಾಯಚೂರು ಜಿಲ್ಲೆಯ ತಾಲ್ಲೂಕಾಗಿತ್ತಲ್ಲವೇ, ಹಾಗಾಗಿ ನಮ್ಮ ಮನೆಮಾತು ಇಂದಿಗೂ ಕನ್ನಡ. ಅಣ್ಣ ಮಾತ್ರ ಹಾಡಿಗೆ ಭಾಷೆ ನೋಡಿದವನಲ್ಲ, ಕನ್ನಡ ತೆಲುಗು ಎರಡಕ್ಕೂ ನುಡಿಸುತ್ತಿದ್ದ. ಆದರೆ ತಂದ ಗಿಟಾರಿನ ಮೇಲೆ ಬೆಂಕಿಯ ನಾಲಗೆಗಳೂ ನಡುವೆ ಒಂದು ತಲೆಬುರುಡೆಯೂ ಇದ್ದವು. ಹಿರಿಯರು ನೋಡಿ, "ದೇವಾಲಯಕ್ಕೆ ಇದು ಒಪ್ಪೂದಿಲ್ಲಪಾ" ಎಂದರು. ತಪ್ಪೇನೂ ಹೇಳಲಿಲ್ಲ ಬಿಡಿ.

ಅಂದು ಶನಿವಾರ. ಮನೆಯ ಮುಂಬಾಗಿಲಿಗೆ ಹಚ್ಚಿ ಉಳಿದಿದ್ದ ಅರ್ಧ ಡಬ್ಬಿ ಹಸಿರು ಇನಾಮಲ್ ಇತ್ತು. ಅಣ್ಣ ರಾತ್ರಿಯೆಲ್ಲಾ ಕೂತು, ಎರಡಿಂಚಿನ ಬ್ರಷ್ಷಿನಿಂದ ಗಿಟಾರಿನ ಹಿಂದೆ ಮುಂದೆ ಹಚ್ಚಿದ. ಬೆಳಿಗ್ಗೆಗೆ ಬಣ್ಣ ಪೂರ್ತಿ ಒಣಗಿರಲಿಲ್ಲ. ಪೂಜೆ ಮುಗಿಯುವಷ್ಟರಲ್ಲಿ ಅವನ ಬಿಳಿ ಅಂಗಿಯ ಹೊಟ್ಟೆಯ ಮೇಲೆ ಹಸಿರು ಗಿಟಾರಿನ ನಕ್ಷೆ ಮೂಡಿತ್ತು. ಬ್ರಷ್ಷಿನ ಗೆರೆಗಳು ಕಾಣುವ ಆ ಬಾಗಿಲ ಹಸಿರಿನಲ್ಲೇ ಅವನು 20 ವರ್ಷಕ್ಕೂ ಹೆಚ್ಚು ನುಡಿಸಿದ.

2021ರಲ್ಲಿ ಅಣ್ಣ ನಮ್ಮನ್ನು ಅಗಲಿದ. ಗಿಟಾರು ಚೀಲದೊಳಗೆ ಸೇರಿ ಮಂಚದ ಕೆಳಗೆ ಹೋಯಿತು.

2024ರ ಫೆಬ್ರವರಿಯಲ್ಲಿ ಒಂದು ಸುದ್ದಿ ಬಂದಿದ್ದನ್ನು ಕೆಲವರು ಓದಿರಬಹುದು. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1961ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಸುಮಾರು 30 ಪೌಂಡಿಗೆ ಕೊಂಡಿದ್ದ ಪಿಟೀಲಿನಾಕಾರದ ಹಾಫ್ನರ್ ಬೇಸ್, 1972ರಲ್ಲಿ ಲಂಡನ್ನಿನಲ್ಲಿ ಕಳುವಾಗಿ, 50 ವರ್ಷಗಳಾದ ಮೇಲೆ ಇಂಗ್ಲೆಂಡಿನ ಒಂದು ಮನೆಯ ಅಟ್ಟದಲ್ಲಿ ಸಿಕ್ಕಿತು. ಆ ಬೇಸಿಗೂ 1964ರಲ್ಲಿ ಒಮ್ಮೆ ಹೊಸ ಬಣ್ಣ ಹಾಕಿಸಿದ್ದರು. ಅಣ್ಣನ ಮಗ ಇದನ್ನು ಫೋನಿನಲ್ಲಿ ಓದಿ ನಮಗೆ ಕರೆ ಮಾಡಿದ. "ಕಾಕಾ, ಅಪ್ಪನ ಬೇಸ್ ತೆಗೆದು ಚಂದ ಮಾಡೋಣ್ರಿ. ಪೂರಾ ಕೆರೆದು ಮರೂನ್ ಬಣ್ಣ ಹೊಡಿಸೋಣ. ಈ ಸಲ ಕ್ರಿಸ್ಮಸ್ಸಿಗೆ ನಾನೇ ನುಡಿಸ್ತೀನಿ."

ಹುಡುಗ ತಾನಾಗಿ ಗಾನವೃಂದಕ್ಕೆ ಬರುತ್ತೇನೆಂದರೆ ಬೇಡ ಎನ್ನುವವರು ಯಾರು? ಆಗಲಿ ಎಂದೆವು. ವೈನಿಯನ್ನೂ ಕೇಳಿದೆವು. "ನಿಮಗ ತಿಳಿದಂಗ ಮಾಡ್ರಿ" ಎಂದರು. ಅದನ್ನು ನಾವು ಒಪ್ಪಿಗೆ ಎಂದುಕೊಂಡೆವು.

ಬೇಸಿಗೆ ರಜೆಯಲ್ಲಿ ಕೆಲಸ ಶುರು. ಮೊದಲ ಹೆಜ್ಜೆ ಬಿಚ್ಚುವುದು. ನಾಲ್ಕು ತಂತಿಗಳ ಎಳೆತ ಒಟ್ಟಿಗೆ 70-80 ಕಿಲೋ ಇರುತ್ತದೆ. ಆದ್ದರಿಂದ ಒಂದನ್ನೇ ಪೂರ್ತಿ ಸಡಿಲಿಸದೆ, ನಾಲ್ಕನ್ನೂ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು. ಬಿಚ್ಚುವ ಮುಂಚೆ ಒಳಗಿನ ವಯರುಗಳ ಫೋಟೋ ತೆಗೆದುಕೊಳ್ಳಿ. ಯಾವ ಬಣ್ಣದ ವಯರು ಎಲ್ಲಿಗೆ ಹೋಗಿತ್ತೆಂದು ಆಮೇಲೆ ದೇವರನ್ನು ಕೇಳಬೇಕಾಗುತ್ತದೆ. ಸ್ಕ್ರೂಗಳನ್ನು ಮೊಟ್ಟೆಯ ಟ್ರೇಯ ಒಂದೊಂದು ಗುಳಿಯಲ್ಲಿ ಹಾಕಿ ಚೀಟಿ ಬರೆದಿಟ್ಟರೆ ಕಳೆಯುವುದಿಲ್ಲ. ಒಡಲಿಗೆ ನಾಲ್ಕು ದೊಡ್ಡ ಸ್ಕ್ರೂಗಳಲ್ಲಿ ಕೂತಿದ್ದ ಕುತ್ತಿಗೆ ಬೇರೆಯಾಗಿ ಕೈಗೆ ಬಂತು. ಹಳೆಯ ಟಾರ್ಚಿನಲ್ಲಿ ಸೋರಿದ ಸೆಲ್ಲಿನಂತೆ ಪಿಕಪ್ಪಿನ ಸುತ್ತ ಹಸಿರು ತುಕ್ಕು ಹಿಡಿದಿತ್ತು.

ಕುತ್ತಿಗೆಯನ್ನು ಮಕ್ತಲಿನಲ್ಲಿ ನಮಗೆ ಪರಿಚಯದ ಬಡಗಿಯ ಹತ್ತಿರ ಒಯ್ದೆವು. ಅವರು ಜನ್ಮದಲ್ಲಿ ಬೇಸ್ ಗಿಟಾರು ನೋಡಿದವರಲ್ಲ. ಕುತ್ತಿಗೆಯ ಮೇಲಿನ ಕಪ್ಪು ಪಟ್ಟಿಯನ್ನು ಉಗುರಿನಿಂದ ಗೀರಿ, ಮೂಸಿ, "ಇದು ಬೀಟಿ" ಎಂದುಬಿಟ್ಟರು. ಸರಿಯಾಗಿತ್ತು. ಬ್ರೆಜಿಲ್ ದೇಶ ತನ್ನ ಬೀಟೆಯ ದಿಮ್ಮಿಗಳ ರಫ್ತು ನಿಲ್ಲಿಸಿದ ಮೇಲೆ, ಅಮೆರಿಕದ ಹೆಸರಾಂತ ಮಾರ್ಟಿನ್ ಗಿಟಾರು ಕಂಪನಿ 1969ರಲ್ಲಿ ಭಾರತದ ಬೀಟೆಗೆ ಹೊರಳಿತು. ಪಶ್ಚಿಮ ಘಟ್ಟದಲ್ಲಿ ಬೆಳೆಯುವ ಈ ಮರ ಗಿಟಾರುಗಳ ಬೆನ್ನಾಗಿ, ಬೆರಳಪಟ್ಟಿಯಾಗಿ ಜಗತ್ತನ್ನೆಲ್ಲಾ ಸುತ್ತಿದೆ. ಮರಕ್ಕೆ ಒಡ್ಡಿದ ಅಪಾಯ ನೋಡಿ 2017ರಿಂದ ಇದರ ಜಾತಿಯ ಎಲ್ಲ ಮರಗಳ ಅಂತರರಾಷ್ಟ್ರೀಯ ವ್ಯಾಪಾರದ ಮೇಲೆ ನಿಯಂತ್ರಣ ಬಂತು; ತಯಾರಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು.

ವೀಣೆಗೆ ಮೆಟ್ಟುಗಳಿರುವಂತೆ ಗಿಟಾರಿಗೂ ಲೋಹದ ಫ್ರೆಟ್ಟುಗಳು. ಒಂದೆರಡು ಮೇಲೆದ್ದಿದ್ದವು. ಬಡಗಿ ಅವನ್ನು ಮರದ ಕೊಡತಿಯಿಂದ ತಟ್ಟಿ ಕೂರಿಸಿದರು. "ತೆಗೆದೇ ಬಿಟ್ರ ನಯಾ ಆಗ್ತದಲ್ಲ?" ಎಂದು ಕೇಳಿದರು. ಹಾಗೆ ಮಾಡಿದವನೊಬ್ಬ ನಿಜವಾಗಿಯೂ ಇದ್ದ. ಬಾಲ್ಯದಲ್ಲಿ ಫ್ಲಾರಿಡಾದ ಕಥೋಲಿಕ ದೇವಾಲಯವೊಂದರಲ್ಲಿ ಪೀಠಸೇವಕನಾಗಿದ್ದ ಜಾಕೋ ಪಾಸ್ಟೋರಿಯಸ್, ತನ್ನ 1962ರ ಫೆಂಡರ್ ಬೇಸಿನ ಫ್ರೆಟ್ಟುಗಳನ್ನು ಕಿತ್ತು, ಸಂದುಗಳಿಗೆ ಮರದ ಪುಟ್ಟಿ ತುಂಬಿ, ದೋಣಿಗಳಿಗೆ ಬಳಿಯುವ ಎಪಾಕ್ಸಿಯನ್ನು ಹಚ್ಚಿ ನುಡಿಸಿದ. ಹಾಡುವ ಗಂಟಲಿನಂಥ ಆ ನಾದಕ್ಕೆ ಜಗತ್ತು ಬೆರಗಾಯಿತು. 1987ರಲ್ಲಿ 35ನೇ ವಯಸ್ಸಿಗೇ ತೀರಿಕೊಂಡ. ಇದನ್ನೆಲ್ಲಾ ಹೇಳಿದಾಗ ಬಡಗಿ, "ಅವಂಗ ಬರ್ತಿತ್ತು, ಕಿತ್ತ. ನಿಮ್ಮ ಹುಡುಗ ಮೊದಲು ಕಲೀಲಿ" ಎಂದರು. ನಾವು ಫ್ರೆಟ್ಟು ಕೀಳಲಿಲ್ಲ.

ಇನ್ನು ಒಡಲು. ನಾರಾಯಣಪೇಟೆಯಲ್ಲಿ ನಮ್ಮ ಮನೆಯ ಹತ್ತಿರ ಕಾರು-ಬೈಕುಗಳಿಗೆ ಬಣ್ಣ ಹೊಡೆಯುವ ಶೆಡ್ಡಿದೆ. ಗಿಟಾರಿಗೆ ಕಾರಿನ ಬಣ್ಣವೇ ಎಂದು ನೀವು ಕೇಳಬಹುದು. ಫೆಂಡರ್ ಕಂಪನಿ 1950 ಮತ್ತು 60ರ ದಶಕಗಳಲ್ಲಿ ಮಾಡಿದ್ದೂ ಅದನ್ನೇ. ಗಿರಾಕಿ ಕೇಳಿದ ವಿಶೇಷ ಬಣ್ಣಗಳಿಗೆ ಅವರು ಬಳಸಿದ್ದು ಡ್ಯುಪಾಂಟ್ ಕಂಪನಿಯ ಕಾರಿನ ಬಣ್ಣಗಳನ್ನು. ಫೋರ್ಡ್ ಥಂಡರ್‌ಬರ್ಡ್ ಕಾರಿನ ಮೇಲಿದ್ದ ಕೆಂಪು ಫೆಂಡರ್ ಗಿಟಾರಿನ ಮೇಲೂ ಬಂತು. ಇಂದು ಅಂಥ ಹಳೆಯ ಗಿಟಾರುಗಳಿಗೆ ಲಕ್ಷಗಟ್ಟಲೆ ಬೆಲೆ. ವಿಚಿತ್ರವೆಂದರೆ ಯಾರಾದರೂ ಅದರ ಮೂಲ ಬಣ್ಣ ಕೆರೆದು ಚೆನ್ನಾಗಿ ಹೊಸದು ಹೊಡೆಸಿದರೆ ಬೆಲೆ ಬಿದ್ದುಹೋಗುತ್ತದೆ.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಹಿಂಬದಿಯ ಹಸಿರು ಗಟ್ಟಿಯಾಗಿದೆಯಲ್ಲ, ಕೆರೆಯುವ ಶ್ರಮ ಯಾಕೆ, ಅದರ ಮೇಲೆಯೇ ಹೊಡೆದುಬಿಡಿ ಎಂದು ಪೇಂಟರಿಗೆ ಹೇಳಿದವರು ನಾವೇ. "ಒಪ್ಪಲ್ಲ ಸಾರ್" ಎಂದು ಅವರು ಅಂದರೂ ಕೇಳಲಿಲ್ಲ. ಒಂದು ಅಂಗೈಯಷ್ಟು ಜಾಗಕ್ಕೆ ಹೊಡೆದರು. ಎರಡೇ ನಿಮಿಷದಲ್ಲಿ ಹಸಿರು ಬಣ್ಣ ಬಿಸಿ ಹಾಲಿನ ಕೆನೆಯಂತೆ ಸುಕ್ಕುಗಟ್ಟಿ ಮೇಲೆದ್ದಿತು. ಎಣ್ಣೆಯಲ್ಲಿ ಮಾಡಿದ ಇನಾಮಲ್ ಮೇಲೆ ಥಿನ್ನರಿನ ಬಣ್ಣ ಹೊಡೆದರೆ ಥಿನ್ನರು ಒಳಗಿಳಿದು ಅದನ್ನು ಎಬ್ಬಿಸುತ್ತದೆ. ಪೂರ್ತಿ ಕೆರೆಯಬೇಕು, ಇಲ್ಲವೇ ಮುಟ್ಟಲೇಬಾರದು.

ಸರಿ, ಪೂರ್ತಿ ಕೆರೆಯುವುದೇ ಎಂದು ತೀರ್ಮಾನಿಸಿ, ಒಡಲನ್ನು ಬೈಕಿಗೆ ಕಟ್ಟಿಕೊಂಡು, ಜುರಾಲಾ ಅಣೆಕಟ್ಟಿನ ಮೇಲಿನ ರಸ್ತೆ ಹಿಡಿದು ಗದ್ವಾಲಕ್ಕೆ ಹೋದೆವು. ಅಂಗಳದಲ್ಲಿ ಚಾಪೆ ಹಾಸಿ ಕೂತೆವು. ವೈನಿ ಹೊರಗೆ ಬಂದರು. ಸುಕ್ಕಾದ ಜಾಗದ ಮೇಲೆ ಕೈ ಇಟ್ಟರು. "ಇದೇನಾತು?" ಎಂದರು. ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ಮನಿ ಒಡೆದು ಕಟ್ಟಿದಾಗ ಆ ಬಾಗಿಲಾ ಹೋತು. ಆ ಹಸಿರ ಉಳಿದಿರೋದು ಇದ್ರಾಗಷ್ಟ. ಅದ್ರಾಗ ಅವರ ಕೈ ಓಡಾಡಿದ್ದು ಕಾಣಿಸ್ತದ."

ನಾವು ಮೂವರೂ ನೋಡಿದೆವು. ಬ್ರಷ್ಷಿನ ಗೆರೆಗಳು ಎಡದಿಂದ ಬಲಕ್ಕೆ ಹೋಗಿ, ಅಂಚಿನಲ್ಲಿ ತಿರುಗಿ ಬಂದಿದ್ದವು. ಒಂದು ಕಡೆ ಬ್ರಷ್ಷಿನ ಕೂದಲೊಂದು ಬಣ್ಣದಲ್ಲೇ ಸಿಕ್ಕಿಕೊಂಡಿತ್ತು.

ಹುಡುಗನ ಮುಖ ಸಣ್ಣದಾಯಿತು. ಅವನ ಆಸೆಯೂ ತಪ್ಪಲ್ಲ. ಅಪ್ಪನ ವಾದ್ಯವನ್ನು ಅವನು ನುಡಿಸಬೇಕಾದರೆ ಅದು ಸ್ವಲ್ಪವಾದರೂ ಅವನದಾಗಬೇಕಲ್ಲ! ಯಾರಿಗೂ ಏನು ಹೇಳಬೇಕೆಂದು ತೋಚಲಿಲ್ಲ. "ಈಗ ಬ್ಯಾಡ, ಚಹಾ ಕುಡಿಯೋಣ" ಎಂದೆವು.

ದಾರಿ ತೋರಿದವರು ವೈನಿಯೇ. ಚಹಾ ಲೋಟ ಕೆಳಗಿಟ್ಟು, "ನಮ್ಮೂರ ಸೀರಿ ನೋಡ್ರಿ. ಒಡಲು ಹತ್ತಿ, ಅಂಚು ಸೆರಗು ರೇಷ್ಮಿ. ಒಡಲಿಗೊಂದು ಬಣ್ಣ, ಅಂಚಿಗೊಂದು. ಎರಡೂ ಕೂಡಿ ಒಂದ ಸೀರಿ. ಗಿಟಾರಿಗ್ಯಾಕ ಆಗಬಾರದು?" ಎಂದರು. ಗದ್ವಾಲದ ಸೀರೆಯ ಗುಟ್ಟೇ ಅದು. ಹತ್ತಿಯ ಒಡಲಿನ ಹೊಕ್ಕಿನ ನೂಲು ಮತ್ತು ರೇಷ್ಮೆಯ ಅಂಚಿನ ನೂಲು ಸೇರುವಲ್ಲಿ ನೇಕಾರರು ಎರಡನ್ನೂ ಒಂದಕ್ಕೊಂದು ಕೊಂಡಿ ಹಾಕಿ ಹೆಣೆಯುತ್ತಾರೆ. ಹೊಲಿಗೆ ಇಲ್ಲ, ಆದರೂ ಬಿಚ್ಚಿಕೊಳ್ಳುವುದಿಲ್ಲ. ಇಳಕಲ್ಲಿನ ಸೆರಗಿನ ಕೊಂಡಿ ಬಲ್ಲವರಿಗೆ ಇದು ಬೇಗ ಅರ್ಥವಾದೀತು. ನೇಯ್ಗೆಯ ಊರಿನಲ್ಲಿ ಹುಟ್ಟಿ ಬೆಳೆದೂ ನಮಗೆ ಇದು ಹೊಳೆದಿರಲಿಲ್ಲ.

ಮುಂಬದಿ ಮತ್ತು ಪಕ್ಕಗಳು ಮರೂನ್, ಬೆನ್ನು ಹಸಿರು ಎಂದು ಆಯಿತು. ಹುಡುಗ ತಕ್ಷಣ ಒಪ್ಪಿದ.

ಕೆರೆಯುವ ಬಗ್ಗೆ ಒಂದು ಎಚ್ಚರಿಕೆಯನ್ನು ದಯವಿಟ್ಟು ಗಮನವಿಟ್ಟು ಓದಿ. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ ದಶಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಇನಾಮಲ್‌ನಲ್ಲಿ, ಅದರಲ್ಲೂ ಹಳದಿ, ಹಸಿರು, ಕೆಂಪಿನಲ್ಲಿ ಸೀಸ ಇರುವ ಸಂಭವ ಹೆಚ್ಚು. ಅದರ ಪುಡಿ ಮಕ್ಕಳ ಮಿದುಳಿಗೆ ಕೇಡು. ಹಳೆಯ ಬಾಗಿಲು, ತೊಟ್ಟಿಲು, ಗಿಟಾರು ಏನೇ ಇರಲಿ, ಒಣ ಸ್ಯಾಂಡ್ ಪೇಪರಿನಿಂದ ಉಜ್ಜಬೇಡಿ, ಬೆಂಕಿಯಿಂದ ಸುಡಬೇಡಿ. ನೀರು ಹಾಕಿ ಉಜ್ಜಿ, ಒಳ್ಳೆಯ ಮಾಸ್ಕ್ ಕಟ್ಟಿಕೊಳ್ಳಿ, ಕೆಸರನ್ನು ಬಟ್ಟೆಯಿಂದ ಒರೆಸಿ ಚೀಲದಲ್ಲಿ ಕಟ್ಟಿ ಬಿಸಾಡಿ. ಮಕ್ಕಳನ್ನೂ ಬಸುರಿಯರನ್ನೂ ಹತ್ತಿರ ಬಿಡಬೇಡಿ.

ಮುಂಬದಿಯನ್ನು ಒದ್ದೆ ಮಾಡಿಕೊಂಡು, ಬಡಗಿ ಹೇಳಿಕೊಟ್ಟಂತೆ ಗಾಜಿನ ಚೂರಿನ ಅಂಚಿನಿಂದ ಕೆರೆದೆವು. ಹಸಿರು ಸುರುಳಿಯಾಗಿ ಎದ್ದು ಬಂತು. ಮೂರನೆಯ ದಿನ ಹಸಿರಿನ ಕೆಳಗಿನಿಂದ ಎರಡು ಕಣ್ಣಿನ ಕುಳಿಗಳು ನಮ್ಮನ್ನು ನೋಡಿದವು. 26 ವರ್ಷ ಮುಚ್ಚಿಟ್ಟಿದ್ದ ತಲೆಬುರುಡೆ! ವೈನಿ ಅದನ್ನು ನೋಡಿ ನಕ್ಕ ನಗು ಅಣ್ಣ ಹೋದ ಮೇಲೆ ನಾವು ಕೇಳಿದ ಮೊದಲ ದೊಡ್ಡ ನಗು. ಹುಡುಗ ಅದರ ಫೋಟೋ ತೆಗೆದುಕೊಂಡ. ಆಮೇಲೆ ಬುರುಡೆಯೂ ಬೆಂಕಿಯೂ ಹೋದವು.

ಬರಿ ಮರ ಕಂಡ ಮೇಲಿನದು ತಾಳ್ಮೆಯ ಕೆಲಸ. 120ರ ಸ್ಯಾಂಡ್ ಪೇಪರು, ಆಮೇಲೆ 180, 240, 320, ಯಾವಾಗಲೂ ಮರದ ಎಳೆಯ ಗುಂಟ. ಗುಳಿಗಳಿಗೆ ಲಪ್ಪಂ. ಅದರ ಮೇಲೆ ಸೀಲರ್, ಮತ್ತೆ ಉಜ್ಜುವುದು. ಈ ಹಂತದಲ್ಲಿ ಬೆರಳಿಗೆ ಹತ್ತುವ ಸಣ್ಣ ಗೀರು ಬಣ್ಣ ಬಿದ್ದ ಮೇಲೆ ಕಾಲುವೆಯಂತೆ ಕಾಣುತ್ತದೆ. ಬೆನ್ನಿಗೆ ಕಾಗದ ಮುಚ್ಚಿ ಅಂಚಿನ ಗುಂಟ ಟೇಪು ಅಂಟಿಸಲು ಪೇಂಟರು ಒಂದು ಗಂಟೆ ತೆಗೆದುಕೊಂಡರು.

ನಮ್ಮ ಸೀಮೆಯ ಹವೆಯೂ ಸುಲಭದ್ದಲ್ಲ. ಮೇ ತಿಂಗಳ ಬಿಸಿಲಿಗೆ ಗನ್ನಿನಿಂದ ಹೊರಟ ಬಣ್ಣ ಮರ ಮುಟ್ಟುವ ಮೊದಲೇ ಒಣಗಿ ಪುಡಿಯಾಗಿ ಕೂರುತ್ತದೆ. ಮಳೆಗಾಲದಲ್ಲಿ ಲ್ಯಾಕರ್ ಹೊಡೆದರೆ ಥಿನ್ನರು ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂತು, ಹಾಲು ಚೆಲ್ಲಿದಂತೆ ಬಿಳಿಚಿಕೊಳ್ಳುತ್ತದೆ. ನಮಗೆ ಎರಡೂ ಆಯಿತು. ಕೊನೆಗೆ ಅಕ್ಟೋಬರಿನಲ್ಲಿ ಮಳೆ ನಿಂತ ಮೇಲೆ, ಶೆಡ್ಡಿನ ನೆಲಕ್ಕೆ ನೀರು ಚಿಮುಕಿಸಿ ಧೂಳು ಕೂರಿಸಿ, ಬೆಳಿಗ್ಗೆ ಏಳಕ್ಕೆ ಹೊಡೆದದ್ದು ಸರಿಹೋಯಿತು. ತಿಂಗಳು ಬಿಟ್ಟು, ನೀರು ಹಾಕಿ 1000, 1500, 2000ರ ಕಾಗದದಲ್ಲಿ ಉಜ್ಜಿ, ಕಾರಿಗೆ ಹಾಕುವ ಕಾಂಪೌಂಡಿನಿಂದ ತಿಕ್ಕಿದಾಗ ಮರೂನಿನಲ್ಲಿ ನಮ್ಮ ಮುಖ ಕಂಡಿತು. ಗಟ್ಟಿಕಾರಕ ಬೆರೆಸುವ ಎರಡು ಡಬ್ಬಿಯ ಬಣ್ಣವನ್ನು ಮಾತ್ರ ಮನೆಯಲ್ಲಿ ಹೊಡೆಯಲು ಹೋಗಬೇಡಿ. ಅದರ ಹಬೆ ಶ್ವಾಸಕೋಶಕ್ಕೆ ಬಲು ಕೆಟ್ಟದ್ದು, ಬಟ್ಟೆಯ ಮಾಸ್ಕ್ ಅದನ್ನು ತಡೆಯದು.

ಬೆನ್ನಿನ ಹಸಿರನ್ನು ಹಾಗೆಯೇ ಬಿಟ್ಟರೆ ಸೀಸದ ಬಣ್ಣ ಹುಡುಗನ ಹೊಟ್ಟೆಗೆ ಉಜ್ಜುತ್ತದಲ್ಲ ಎಂಬ ಚಿಂತೆ ಇತ್ತು. ಅದಕ್ಕೆ ಉತ್ತರ ಮಕ್ತಲಿನ ಬಡಗಿಯಲ್ಲಿತ್ತು: ಅರಗು. ಚನ್ನಪಟ್ಟಣದ ಗೊಂಬೆಗಳ ಹೊಳಪಿನ ಅರಗೇ. ಅದರ ಚಕ್ಕೆಗಳನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಹತ್ತಿಯ ಉಂಡೆಗೆ ಮಲ್‌ಮಲ್ ಬಟ್ಟೆ ಸುತ್ತಿ ತೆಳ್ಳಗೆ ಒರೆಸಿದರು. ಚೆನ್ನಾಗಿ ಒಣಗಿದ ಇನಾಮಲನ್ನು ಸ್ಪಿರಿಟ್ಟು ಎಬ್ಬಿಸುವುದಿಲ್ಲ. ಒಂದಕ್ಕೊಂದು ಒಗ್ಗದ ಎರಡು ಬಣ್ಣಗಳ ನಡುವೆ ಅರಗು ಒಳ್ಳೆಯ ಮಧ್ಯಸ್ಥ. ಹತ್ತಾರು ಸಲ ಒರೆಸಿದ ಮೇಲೆ ಬ್ರಷ್ಷಿನ ಗೆರೆಗಳು, ಆ ಕೂದಲು, ನಾವು ಮಾಡಿದ ಸುಕ್ಕು ಎಲ್ಲವೂ ಗಾಜಿನ ಕೆಳಗಿಟ್ಟಂತೆ ಕಂಡವು.

ಬಣ್ಣ ಬದಲಾದರೆ ನಾದ ಬದಲಾಗುತ್ತದೆಯೇ ಎಂದು ಕೆಲವರು ಕೇಳುತ್ತಾರೆ. ಇಂಥ ಗಟ್ಟಿ ಮರದ ಎಲೆಕ್ಟ್ರಿಕ್ ವಾದ್ಯದಲ್ಲಿ ನಮ್ಮ ಕಿವಿಗಂತೂ ಏನೂ ತಿಳಿಯಲಿಲ್ಲ. ನಿಜವಾದ ವ್ಯತ್ಯಾಸ ಮಾಡಿದ್ದು ಹೊಸ ತಂತಿಗಳು, ಮತ್ತು ಒಳಗಿನ ಗುಂಡಿಗಳಿಗೆ ಅಂಟಿಸಿ ಅರ್ಥ್ ವಯರಿಗೆ ಬೆಸೆದ ತಾಮ್ರದ ಪಟ್ಟಿ. ಟ್ಯೂಬ್‌ಲೈಟ್ ಹಾಕಿದ ಕೂಡಲೇ ಬರುತ್ತಿದ್ದ 'ಗುಂಯ್' ಸದ್ದು ಬಹುಪಾಲು ನಿಂತಿತು. ಗಿಟಾರು ಹಿಡಿದವರಿಗೆ ಮೈಕು ತುಟಿಗೆ ತಾಗಿ ಜುಮ್ಮೆಂದರೆ ಮಾತ್ರ ಅದನ್ನು ತಮಾಷೆ ಮಾಡಬೇಡಿ. ಅಲ್ಲಿಗೇ ನಿಲ್ಲಿಸಿ ಎಲೆಕ್ಟ್ರೀಷಿಯನ್ನನ್ನು ಕರೆಸಿ.

2024ರ ಕ್ರಿಸ್ಮಸ್ ರಾತ್ರಿ ಹುಡುಗ ನುಡಿಸಿದ. ಎರಡು ಕಡೆ ತಾಳ ತಪ್ಪಿದ, ಮೂರನೇ ಫ್ರೆಟ್ಟು ಇನ್ನೂ ಸ್ವಲ್ಪ ಜಿರ್ರೆನ್ನುತ್ತಿತ್ತು. ಎಂದಿನಂತೆ ಯಾರೂ ಗಮನಿಸಲಿಲ್ಲ. ಮುಂದೆ ಕೂತವರಿಗೆ ಕಂಡದ್ದು ಮರೂನ್ ಮಾತ್ರ.

ಅರಗಿಗೆ ಬೆವರು ಆಗದು, ಮಂಕಾಗುತ್ತದೆ. ಆಗಾಗ ಒಂದು ಸಲ ಒರೆಸಬೇಕು. ಮಕ್ತಲಿನಿಂದ ಒಂದು ಸಣ್ಣ ಬಾಟಲಿ ತುಂಬಿಸಿ ತಂದು ಗದ್ವಾಲದಲ್ಲಿ ಕೊಟ್ಟಿದ್ದೇವೆ. ಹುಡುಗ ತಾನು ಮಾಡುತ್ತೇನೆಂದ. ವೈನಿ ಕೊಡಲಿಲ್ಲ. ಬಾಟಲಿಯೂ ಮಲ್‌ಮಲ್ ಬಟ್ಟೆಯೂ ಅವರ ಕಪಾಟಿನಲ್ಲಿವೆ.